ಹತ್ತು ಮಂದಿಯ ಬಾಟ್ಲಿ

“ಏ ಸಿದ್ಯಾ, ಇನ್ನೂ ಉಸಿರೈತೇನಲೇ, ಇಲ್ಲಾ ಗೊಟಕ್ ಅಂದಿಯೋ?”

ಬಸಂತರಾಯಗೌಡ ದನದ ಕೊಟ್ಟಿಗೆಯ ಬಾಗಿಲಾಚೆ, ಮೂಗು ಬಾಯಿಗೆ ರುಮಾಲು ಸುತ್ತಿಕೊಂಡು ನಿಂತಿದ್ದ. ಕೈಯಲ್ಲಿ ಉದ್ದನೆಯ ಬಿದಿರು ಗಳ. ಒಳಗೆ ಎತ್ತುಗಳ ಪಕ್ಕ ಗೋಣಿತಟ್ಟಿನ ಮೇಲೆ ಜ್ವರದಲ್ಲಿ ನಡುಗುತ್ತ ಬಿದ್ದಿದ್ದ ಸಿದ್ದರಾಯನ ಪಕ್ಕೆಗೆ ಆ ಗಳದ ತುದಿಯಿಂದ ತಿವಿದ. ಸತ್ತ ಹಾವೋ ಜೀವಂತ ಹಾವೋ ಎಂದು ನೋಡುವವರು ತಿವಿಯುತ್ತಾರಲ್ಲ, ಹಾಗೆ.

“ಐತ್ರಿ ಯಪ್ಪಾ,” ಅಂದ ಸಿದ್ದರಾಯ. ತುಟಿ ಒಡೆದು ಹೋಗಿದ್ದವು. “ನೀರು... ಒಂದು ತಂಬಗಿ ನೀರು ಕೊಡಸ್ರಿ.”

“ನಿನ್ನ ಹಂತೇಕ ಯಾವ ಮಗ ಬರ್ತಾನಲೇ? ಮೈಯಾಗ ಏನು ಹೊಕ್ಕೈತೋ ಏನೋ. ಡೋಣಿ ತುಂಬ ನೀರೈತಲ್ಲ, ಎತ್ತಿಂದು? ಬಾಯಿ ಹಚ್ಚು.”

ಹೆಂಡಿ ಬುಟ್ಟಿ ಹೊತ್ತು ಹಿಂದಿನ ಅಂಗಳದಲ್ಲಿ ನಿಂತಿದ್ದ ಹುಚ್ಚವ್ವ ಬುಟ್ಟಿ ಇಳಿಸಿ ಓಡಿ ಬಂದಳು. ಗೌಡನ ಆಳು ಶಂಕ್ರೆಪ್ಪ ಅಡ್ಡ ನಿಂತ. “ನಿಂದ್ರು ಹುಚ್ಚವ್ವ. ಮೂರು ದಿನ ಯಾರೂ ಒಳಗ ಹೋಗಬಾರದು ಅಂತ ಗೌಡ್ರ ಮಾತೈತಿ.”

“ನನ್ನ ಗಂಡ ಅದಾನಲೋ ಒಳಗ!”

“ಅದ್ಕ ಹೇಳಾಕತ್ತೇನಿ. ನೀನೂ ಒಳಗ ಹೋದಿ ಅಂದ್ರ ನಿನಗೂ ಮೂರು ದಿನ.”

ಅವಳ ಕಣ್ಣೆದುರಿಗೇ ಸಿದ್ದರಾಯ ಮೊಣಕಾಲೂರಿ ಎದ್ದ. ಎರಡು ಎತ್ತುಗಳ ಕೊರಳ ನಡುವೆ ತಲೆ ತೂರಿಸಿ, ಕಲ್ಲಿನ ಡೋಣಿಗೆ ಬಾಯಿ ಹಚ್ಚಿದ. ಅವನ ಗಂಟಲು ಏರಿ ಇಳಿಯುವುದು ಅವಳಿಗೆ ಅಷ್ಟು ದೂರದಿಂದ ಕಂಡಿತು. ಗೌಡ ಗಳವನ್ನು ಶಂಕ್ರೆಪ್ಪನ ಕೈಗೆ ಕೊಟ್ಟು ಅಂಗಿಯ ಕಿಸೆಯಿಂದ ಮೊಬೈಲ್ ತೆಗೆದ.

“ನೋಡ್ರಿಪಾ, ಲಸಿಕಿ ಹಾಕಿಸ್ಕೊಂಡ ಎತ್ತು,” ಅಂತ ನಗುತ್ತ ವಿಡಿಯೋ ಹಿಡಿದ. “ಹೀಂಗ ನೀರು ಕುಡಿತೈತಿ.”

ಮುಳ್ಳೊಳ್ಳಿಯಲ್ಲಿ ಹೊಸ ಎತ್ತು ಕೊಂಡರೆ ಮೂರು ದಿನ ಬೇರೆ ಕಟ್ಟಿ ನೋಡುವುದು ರೂಢಿ. ಮೇವು ತಿನ್ನುತ್ತದೋ, ಉಚ್ಚೆ ಸರಿಯಾಗಿ ಹೊಯ್ಯುತ್ತದೋ, ಮೈ ಬಿಸಿಯಾಗುತ್ತದೋ ಎಂದು ನೋಡಿ ಆಮೇಲೆ ತಮ್ಮ ಎತ್ತುಗಳ ಜೊತೆ ಬಿಡುತ್ತಾರೆ. ಊರಿಗೆ ಲಸಿಕೆ ಬಂದಾಗ ಗೌಡನಿಗೆ ಹೊಳೆದದ್ದು ಇದೇ ರೂಢಿ. ಆ ವರ್ಷ ಯುಗಾದಿಯ ಹೊತ್ತಿಗೆ ನಲವತ್ತೈದು ದಾಟಿದವರಿಗೆಲ್ಲ ಸೂಜಿ ಹಾಕುತ್ತಾರೆ ಎಂದು ಡಂಗುರ ಸಾರಿದ್ದರೂ ಯಾರೂ ದವಾಖಾನೆಯ ಕಡೆ ಮುಖ ಹಾಕಿರಲಿಲ್ಲ. ಹಾಕಿಸಿಕೊಂಡವ ಎರಡು ವರ್ಷಕ್ಕೆ ಸಾಯುತ್ತಾನಂತೆ, ಗಂಡಸುತನ ಹೋಗುತ್ತದಂತೆ ಎಂದು ಮೊಬೈಲುಗಳು ಮಾತಾಡುತ್ತಿದ್ದವು. ಗೌಡನಿಗೆ ಸೂಜಿ ಬೇಕಿತ್ತು, ಸಾವು ಬೇಡವಾಗಿತ್ತು. ಲಸಿಕೆಯಲ್ಲಿ ಎರಡು ನಮೂನೆ ಇವೆ ಎಂದು ಗೊತ್ತಾದ ಮೇಲಂತೂ ಅವನ ತಲೆ ಎತ್ತಿನ ಸಂತೆಯಾಯಿತು. ಯಾವುದು ಚಲೋ? ಸಿದ್ದರಾಯನೂ ಸೇರಿ ಕೇರಿಯ ಗಂಡಸರನ್ನು ಟ್ರ್ಯಾಕ್ಟರಿಗೆ ಹತ್ತಿಸಿ ಕೋವಿಶೀಲ್ಡಿಗೆ ಕಳಿಸಿ, ಮೂರು ದಿನ ಕೊಟ್ಟಿಗೆಯಲ್ಲಿ ಇಟ್ಟು ನೋಡಿದ. ವಾರದ ಮೇಲೆ ಅದೇ ಟ್ರ್ಯಾಕ್ಟರಿನಲ್ಲಿ ಆರು ಮಂದಿ ಹೆಂಗಸರನ್ನು ಕೋವ್ಯಾಕ್ಸಿನ್ನಿಗೆ ಕಳಿಸಿದ. ಆ ಆರರಲ್ಲಿ ಹುಚ್ಚವ್ವ ಒಬ್ಬಳು, ಅವಳ ಪಕ್ಕದ ಮನೆಯ ಸಾವಂತ್ರವ್ವ ಒಬ್ಬಳು.

“ಗಂಡಸರ ಮ್ಯಾಲೆ ಒಂದು, ಹೆಂಗಸರ ಮ್ಯಾಲೆ ಒಂದು,” ಅಂದಳು ಸಾವಂತ್ರವ್ವ ಟ್ರ್ಯಾಕ್ಟರಿನಲ್ಲಿ ಕುಲುಕುತ್ತ. “ಇನ್ನ ಆಡಿನ ಮ್ಯಾಲೆ ಹಾಕೂದು ಉಳೀತು ನೋಡವ್ವ. ಆಡಿಗೆ ಬೆಲಿ ಐತಿ, ಅದ್ಕ ಹಾಕ್ಸಿಲ್ಲ.”

ಹೆಂಗಸರು ನಕ್ಕರು. ಹುಚ್ಚವ್ವ ನಗಲಿಲ್ಲ.

ಸೂಜಿ ಹಾಕುವ ನಜಮಾ ನರ್ಸಬಾಯಿ ತಾಳಿಕೋಟೆಯವಳು. ಗಟ್ಟಿ ಹೆಂಗಸು, ಬಿಸಿಲಲ್ಲಿ ಸ್ಕೂಟಿ ಹೊಡೆದು ಮುಖ ಕಂದಿತ್ತು. ಹುಚ್ಚವ್ವ ತೋಳು ಕೊಡುವ ಮೊದಲು ಕೇಳಿದಳು: “ತಂಗೀ, ನನ್ನ ಗಂಡಗ ಜ್ವರ ಬಂದು ಬಿದ್ದಿದ್ದ. ನನಗೂ ಬರತೈತೇನ?”

“ಅವರಿಗೆ ಹಾಕಿದ್ದು ಬ್ಯಾರೆ, ನಿನಗ ಹಾಕೂದು ಬ್ಯಾರೆ ಯವ್ವಾ. ಬಂದ್ರೂ ಬರಬಹುದು, ಹೆದರಬ್ಯಾಡ. ಜ್ವರ ಬಂತಂದ್ರ ಕೆಟ್ಟದ್ದಲ್ಲ. ಮೈ ಎಚ್ಚರಾಗಿ ಬಡಿಗಿ ಹಿಡದು ನಿಂತೈತಿ ಅಂತ ಅರ್ಥ.”

“ಎರಡೂ ಒಂದ ರೋಗಕ್ಕಂತ. ಹ್ಯಾಂಗ ಬ್ಯಾರೆ?”

ನಜಮಾ ಸುತ್ತ ನೋಡಿದಳು. ಮುಂದೆ ಬರೀ ಆರು ಹೆಂಗಸರು, ಎಲ್ಲರೂ ಬಾಯಿ ತೆರೆದುಕೊಂಡು ಕೂತವರು. “ಹೊಲದಾಗ ಹಾವು ನೋಡೀರಿಲ್ಲ? ಹಾವು ಅಂದ್ರೇನು ಅಂತ ಗೊತ್ತಿಲ್ಲದ ಕೂಸಿಗೆ ಹ್ಯಾಂಗ ಕಲಸ್ತೀರಿ? ಒಂದು ರೀತಿ, ಹಾವನ್ನ ಕೊಂದು ಹೆಣ ತೋರ್ಸೂದು. ‘ಇದ ನೋಡು, ಹೀಂಗ ಇರತೈತಿ, ಕಂಡ್ರ ಬಡಿ’ ಅಂತ. ನಿಮ್ಮ ಕೋವ್ಯಾಕ್ಸಿನ್ ಹಂಗ. ರೋಗದ ಹುಳಾನ ಕೊಂದು ಮೈಗೆ ತೋರಸ್ತಾರ. ಇನ್ನೊಂದು ರೀತಿ, ಕಚ್ಚಲಾರದ ಒಂದು ಓತಿಕ್ಯಾತ ಹಿಡದು, ಅದಕ್ಕ ಹಾವಿನ ಹೆಡಿ ಗುರುತು ಕಟ್ಟಿ ಬಿಡೂದು. ಕೂಸು ಹೆಡಿ ಗುರುತು ಕಲೀತೈತಿ. ಕೋವಿಶೀಲ್ಡ್ ಹಂಗ. ನೆಗಡಿ ತರೂ ಹುಳ ಒಂದನ್ನ ಬೆಳೀಲಾರದಂಗ ಮಾಡಿ, ಅದರ ಕೈಯಾಗ ಈ ರೋಗದ ಗುರುತು ಕೊಟ್ಟು ಕಳಸ್ತಾರ.”

“ಓತಿಕ್ಯಾತ ಓಡ್ಯಾಡತೈತಿ, ಅದ್ಕ ಗಂಡಸರ ಮೈ ಕಾದಿರಬೇಕು,” ಅಂದಳು ಸಾವಂತ್ರವ್ವ.

ನಜಮಾಳಿಗೂ ನಗು ತಡೆಯಲಿಲ್ಲ. “ಅಷ್ಟ ಅಂತ ತಿಳ್ಕೋ. ಆದ್ರ ಒಂದು ನೆನಪಿಡ್ರಿ. ಒಮ್ಮೆ ಹೇಳಿದ್ರ ಕೂಸು ಮರೀತೈತಿ, ಎರಡು ಸಲ ಹೇಳಬೇಕು. ಮೊದಲ ಯಾವುದು ಹಾಕಿಸ್ಕೊಂಡೀರೋ ಎರಡನೇದೂ ಅದ ಆಗಬೇಕು. ಕಲಬೆರಕಿ ಇಲ್ಲ.”

ಹೆಂಗಸರನ್ನೂ ಕೊಟ್ಟಿಗೆಗೇ ಹಾಕಿದರು. ಯಾರಿಗೂ ಹೇಳಿಕೊಳ್ಳುವಂಥ ಜ್ವರ ಬರಲಿಲ್ಲ. ತೋಳು ನೊಂದವು, ಅಷ್ಟೇ. ಮೂರನೆಯ ದಿನ ಗೌಡ ಬಂದು ಒಬ್ಬೊಬ್ಬರನ್ನೇ ನಡೆಸಿ ನೋಡಿದ. ಹಲ್ಲು ನೋಡುವುದೊಂದು ಬಾಕಿ. “ಹೆಂಗಸರದ್ದ ಚಲೋ ಮಾಲು. ಜ್ವರಿಲ್ಲ, ಏನಿಲ್ಲ. ಗಂಡಸರಿಗೆ ಹಾಕಿದ್ದು ಕೆಟ್ಟ ಮಾಲು,” ಎಂದು ತೀರ್ಪು ಕೊಟ್ಟು, ಹೆಂಡತಿ ರಾಜಶ್ರೀ, ತಮ್ಮ, ತಮ್ಮನ ಹೆಂಡತಿ ಸಮೇತ ಜೀಪಿನಲ್ಲಿ ಹೋಗಿ ಕೋವ್ಯಾಕ್ಸಿನ್ ಹಾಕಿಸಿಕೊಂಡು ಬಂದ. ಗೌಡರು ಸಾಯಲಿಲ್ಲ ಎಂದು ನೋಡಿದ ಮೇಲೆ ಉಳಿದ ಊರೂ ಎದ್ದಿತು. ಆ ಹೊತ್ತಿಗೆ ದವಾಖಾನೆಯಲ್ಲಿ ಕೋವಿಶೀಲ್ಡ್ ಮಾತ್ರ ಇತ್ತು. ಊರೆಲ್ಲ ಅದನ್ನೇ ಹಾಕಿಸಿಕೊಂಡಿತು.

ಆದರೆ ಸಿದ್ದರಾಯ ಮನೆ ಬಿಟ್ಟು ಹೊರಗೆ ಬರಲಿಲ್ಲ.

ವಿಡಿಯೋ ಅವನಿಗಿಂತ ಮೊದಲು ಊರು ಸುತ್ತಿತ್ತು. ದೇವರ ಹಿಪ್ಪರಗಿ ಸಂತೆಯಲ್ಲಿ ಮೆಣಸಿನಕಾಯಿ ಮಾರುವವ ಹುಚ್ಚವ್ವನನ್ನು ಕಂಡು “ಎತ್ತಿನ ಸಿದ್ಯಾನ ಹೇಣ್ತಿ ಬಂದ್ಲು” ಅಂದ. ಮುದ್ದೇಬಿಹಾಳಕ್ಕೆ ಕೊಟ್ಟಿದ್ದ ಮಗಳು ಮಾಲಾ ಫೋನು ಮಾಡಿದಳು. “ಯವ್ವಾ, ನಮ್ಮ ಮನಿಯಾಗ ಎಲ್ಲಾರೂ ಕೂತು ನೋಡಿದ್ರು. ನಮ್ಮ ಮಾವ ನನಗ ನೀರು ಕೇಳುವಾಗ ‘ಡೋಣಿಯಾಗ ತಾರವ್ವ’ ಅಂತಾನ,” ಅಂದವಳು ಫೋನು ಇಟ್ಟಳು. ಅಂದಿನಿಂದ ಸಿದ್ದರಾಯ ಯಾರೆದುರಿಗೂ ನೀರು ಕುಡಿಯುತ್ತಿರಲಿಲ್ಲ. ತಂಬಿಗೆ ಹಿಡಿದು ಒಳಗಿನ ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿ ಕುಡಿಯುತ್ತಿದ್ದ. ಹೆಂಡತಿ ಕಂಡರೂ ತಂಬಿಗೆ ಕೆಳಗಿಳಿಸುತ್ತಿದ್ದ. ನಲವತ್ತು ವರ್ಷ ಜೊತೆ ಬಾಳಿದವನು.

ಹುಚ್ಚವ್ವ ಅತ್ತವಳಲ್ಲ, ಬೈದವಳಲ್ಲ. ಸಿದ್ದರಾಯ ಕೊಟ್ಟಿಗೆಯಿಂದ ಬರುವಾಗ ಹೊದ್ದು ಬಂದಿದ್ದ ಗೋಣಿತಟ್ಟನ್ನು ಕೊಡವಿ, ಮಡಚಿ, ಜಂತಿಗೆ ಸಿಕ್ಕಿಸಿ ಇಟ್ಟಳು. “ಅದನ್ಯಾಕ ಇಟ್ಟೀ, ಸುಡು,” ಅಂದಳು ಸಾವಂತ್ರವ್ವ. “ಇರಲಿ,” ಅಂದಳು. ಎರಿ ಹೊಲದ ಕರಿ ಮಣ್ಣಿನಲ್ಲಿ ಬಿತ್ತಿದವಳಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಜೋಳ ಮಳೆ ನೋಡಿ ಬೆಳೆಯುವುದಿಲ್ಲ, ನೆಲದೊಳಗಿನ ತಂಪು ಹಿಡಿದು ಬೆಳೆಯುತ್ತದೆ.

ಬ್ಯಾಸಗಿ ಏರಿದ ಹಾಗೆ ರೋಗವೂ ಏರಿತು. ದಿನಾ ಒಂದು ಊರಿನ ಸುದ್ದಿ. ಇಂಡಿ ತಾಲೂಕಿನ ಕಡೆ ಹೀಗಾಯಿತು, ಬಾಗೇವಾಡಿಯ ಕಡೆ ಹಾಗಾಯಿತು. ಗೌಡನ ಷಡ್ಡಕ ಸೊಲ್ಲಾಪುರದಲ್ಲಿ ತೀರಿಕೊಂಡ. ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಲ್ಲೇ ಸುಟ್ಟರು, ಮುಖ ಕೂಡ ತೋರಿಸಲಿಲ್ಲ. ಆ ದಿನದಿಂದ ಗೌಡನ ವಾಡೆಯ ಬಾಗಿಲು ಮುಚ್ಚಿತು. ಎರಡನೆಯ ಸೂಜಿಯ ಹೊತ್ತು ಬಂದಿತ್ತು, ಕೋವ್ಯಾಕ್ಸಿನ್ ಮಾತ್ರ ಎಲ್ಲಿಯೂ ಇರಲಿಲ್ಲ. ಗೌಡ ಸಿಂದಗಿಗೆ ಹೋದ, ವಿಜಾಪುರಕ್ಕೆ ಹೋದ. ನಸುಕಿನಿಂದ ಸಾಲು ಹಚ್ಚಿದವರ ಹಿಂದೆ ನಿಂತು ಬರಿಗೈಲಿ ಬಂದ. ಕೋವಿಶೀಲ್ಡೇ ಹಾಕಿಬಿಡು ಎಂದು ನಜಮಾಳಿಗೆ ಗಂಟು ಬಿದ್ದ. ಅವಳು ಜಪ್ಪಯ್ಯ ಅನ್ನಲಿಲ್ಲ.

ಕಡೆಗೊಂದು ದಿನ ನಜಮಾ ಫೋನು ಮಾಡಿದಳು. ಒಂದೇ ಒಂದು ಬಾಟ್ಲಿ ಬಂದಿದೆ. ಹತ್ತು ಮಂದಿಯದು. ಒಡೆದ ಮೇಲೆ ನಾಲ್ಕು ತಾಸಿನೊಳಗೆ ಮುಗಿಸಬೇಕು. ಒಂದು ಹನಿಯೂ ಚೆಲ್ಲಬಾರದು, ಹತ್ತು ಮಂದಿ ಎದುರಿಗೆ ಕೂಡದೆ ಒಡೆಯಬಾರದು ಎಂದು ಮೇಲಿನವರ ಕಟ್ಟಪ್ಪಣೆ. ಎರಡು ದಿನದಲ್ಲಿ ಹತ್ತು ಮಂದಿ ಕೂಡದಿದ್ದರೆ ಬಾಟ್ಲಿ ಬೇರೆ ಊರಿಗೆ.

ಮುಳ್ಳೊಳ್ಳಿಯಲ್ಲಿ ಕೋವ್ಯಾಕ್ಸಿನ್ ಹಾಕಿಸಿಕೊಂಡವರು ಗೌಡನ ಮನೆಯ ನಾಲ್ವರು. ಮತ್ತೆ, ಅವನೇ ಟ್ರ್ಯಾಕ್ಟರಿನಲ್ಲಿ ಕಳಿಸಿದ್ದ ಆರು ಮಂದಿ ಹೆಂಗಸರು.

ಶಂಕ್ರೆಪ್ಪ ಸಂಜೆಗೆ ಕೇರಿಗೆ ಬಂದ. “ನಾಳಿ ಮುಂಜಾನಿ ಆರೂ ಮಂದಿ ವಾಡೆದ ಹಿಂದಿನ ಬಾಗಲಕ್ಕ ಬರಬೇಕಂತ. ಮೊದ್ಲ ಗೌಡ್ರ ಮನಿಯವರದು ಆಗತೈತಿ, ಉಳದದ್ದು ನಿಮಗ.”

“ಉಳದದ್ದು!” ಅಂದಳು ಸಾವಂತ್ರವ್ವ. “ಸೂಜಿ ಏನು ಮದವಿ ಸಾರೇನೋ ಹಾಟ್ಯಾ, ತಳದಾಗಿಂದು ಬಳದು ಹಾಕಾಕ?”

ಹುಚ್ಚವ್ವ ಆಡಿಗೆ ಸೊಪ್ಪು ಹಾಕುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ನಾವು ಬರಂಗಿಲ್ಲ ಅಂತ ಹೇಳು.”

ಶಂಕ್ರೆಪ್ಪನಿಗೆ ಕೇಳಿಸಿದ್ದು ಕಿವಿಯೊಳಗೆ ಇಳಿಯಲು ಹೊತ್ತು ಹಿಡಿಯಿತು. ಅವನು ಹೋದ ಮೇಲೆ ಸಾವಂತ್ರವ್ವ ಅವಳ ಪಕ್ಕ ಕುಕ್ಕರಿಸಿದಳು. “ಯಕ್ಕಾ, ನಮಗೂ ಬೇಕಲ್ಲ ಎರಡನೇದು. ಊರೂರಾಗ ಹೆಣ ಬೀಳಾಕತ್ತಾವ. ಸಿಟ್ಟಿನಾಗ ಕೊಯ್ಕೊಂಡ ಮೂಗು ಮತ್ತ ಬರತೈತೇನ?”

“ನಮ್ಮ ಮೂಗು ಯಾಕ ಕೊಯ್ಕೊಳ್ಳೂದು?” ಅಂದಳು ಹುಚ್ಚವ್ವ. “ನಾವಿಲ್ಲದ ಅವರಿಗೆ ಆಗಂಗಿಲ್ಲ, ಅವರಿಲ್ಲದ ನಮಗ ಆಗಂಗಿಲ್ಲ. ಇಷ್ಟು ವರ್ಷದಾಗ ಆ ವಾಡೆ, ಈ ಕೇರಿ ಒಂದ ಬಾಟ್ಲಿಯಾಗ ಬಿದ್ದದ್ದು ಇದ ಮೊದ್ಲು. ಯಾರು ಮೊದ್ಲು ಬೆವರ್ತಾರ ನೋಡೂನು.”

ಮರುದಿನ ಮುಂಜಾನೆ ಗೌಡನೇ ಬಂದ. ಕೇರಿಯ ಬಾಯಿಗೆ ಜೀಪು ನಿಲ್ಲಿಸಿ, ಇಳಿಯದೆ ಒದರಿದ. “ಏನ್ರೇ ರಂಡೇರಾ! ಸೊಕ್ಕು ಬಂತೇನ್ರೆ? ನಾಳಿಂದ ಒಬ್ಬಾಕಿಗೂ ನನ್ನ ಹೊಲದಾಗ ಕೆಲಸಿಲ್ಲ!”

“ಈಗೂ ಇಲ್ಲಲ್ರಿ ಗೌಡ್ರ,” ಅಂದಳು ಸಾವಂತ್ರವ್ವ. “ಬ್ಯಾಸಗ್ಯಾಗ ನಿಮ್ಮ ಹೊಲದಾಗ ಏನೈತಿ? ನೆಲದ ಬಿರಿಕು ಎಣಿಸಬೇಕು.”

ಯಾರೋ ಕಿಸಕ್ಕನೆ ನಕ್ಕರು. ಗೌಡನ ಮುಖ ಕೆಂಡವಾಯಿತು. ಬಾಯಿ ತೆರೆದ. ಆದರೆ ಜೀಪಿನ ಹಿಂದಿನ ಸೀಟಿನಲ್ಲಿದ್ದ ರಾಜಶ್ರೀ ಅವನ ಭುಜ ಹಿಡಿದು ಏನೋ ಅಂದಳು. ಸೊಲ್ಲಾಪುರದಲ್ಲಿ ಸತ್ತ ಷಡ್ಡಕನ ಹೆಂಡತಿ ಅವಳ ಸ್ವಂತ ತಂಗಿ. ಗೌಡ ಬಾಯಿ ಮುಚ್ಚಿಕೊಂಡ. ಮತ್ತೆ ತೆರೆದಾಗ ದನಿ ಬೇರೆಯಾಗಿತ್ತು.

“ಏನು ಬೇಕಂತೀ ಹುಚ್ಚಿ? ಹೇಳು. ಜೋಳ ಕೊಡಸ್ಲ್ಯಾ?”

ಹುಚ್ಚವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಅವನ ಮುಖವನ್ನು ಹಿಂದೆಂದಾದರೂ ನೇರ ನೋಡಿದ್ದು ಅವಳಿಗೆ ನೆನಪಿರಲಿಲ್ಲ. ಮೂಗಿನ ಮೇಲೆ ಒಂದು ಸಣ್ಣ ಕರಿ ಮಚ್ಚೆ ಇತ್ತು. ಇಷ್ಟು ವರ್ಷ ಅದು ಗೊತ್ತೇ ಇರಲಿಲ್ಲ.

“ಜೋಳ ಬ್ಯಾಡ್ರಿ. ಸೂಜಿ ವಾಡೆದಾಗಲ್ಲ, ನಮ್ಮ ಓಣ್ಯಾಗ ಹಾಕಬೇಕು. ನಮ್ಮ ಮನಿ ಮುಂದ.”

“ಮತ್ತ?”

“ಮೊದ್ಲ ನೀವ ತಗೋಬೇಕು. ಆಮ್ಯಾಲ ನಾವು ಆರು ಮಂದಿ. ಕಡೀಕ ನಿಮ್ಮ ಮನಿಯವರು. ಸಾಲು ಹೀಂಗ ಇರಬೇಕು.”

ಗೌಡ ಹುಬ್ಬೇರಿಸಿದ. ಮೊದಲು ತಾನು ಎಂಬುದು ಅವನಿಗೆ ಸರಿಯಾಗಿಯೇ ಕಂಡಿತು. ಓಣಿಗೆ ಬರಬೇಕೆಂಬುದೊಂದು ಕಹಿ. ಕಣ್ಣು ಮುಚ್ಚಿ ನುಂಗಿದರಾಯಿತು. “ಆಗ್ಲಿ. ಮೊದ್ಲ ನಾನಲ್ಲದ ಮತ್ಯಾರು?” ಎಂದು ಜೀಪು ತಿರುಗಿಸಿದ.

ಹೊತ್ತು ಏರಿದ ಮೇಲೆ ನಜಮಾ ಲಸಿಕೆಯ ನೀಲಿ ಡಬ್ಬಿ ಹಿಡಿದು ಬಂದಳು. ಹಿಂದೆಯೇ ಗೌಡನ ಮನೆಯ ನಾಲ್ವರನ್ನು ಹೊತ್ತ ಜೀಪು ಬಂದು ನಿಂತಿತು. ಹುಚ್ಚವ್ವನ ಮನೆಯ ಮುಂದೆ ಒಂದು ಬೇವಿನ ಮರ, ಅದರ ನೆರಳಿನಲ್ಲಿ ಐದು ಮಂದಿ ಹೆಂಗಸರು. ಹುಚ್ಚವ್ವ ಒಳಗೆ ಹೋಗಿ ಜಂತಿಯಿಂದ ಗೋಣಿತಟ್ಟು ಕಿತ್ತು ತಂದು, ನೆರಳಿನಾಚೆ ಬಿಸಿಲಿನಲ್ಲಿ ಹಾಸಿ, ತಾನು ನೆರಳಿಗೆ ಹೋಗಿ ಕೂತಳು.

“ಕುರ್ಚಿ ಇಲ್ಲೇನ?” ಅಂದ ಗೌಡ.

“ಕೇರಿಯಾಗ ಕುರ್ಚಿ ಎಲ್ಲಿಂದ ಬರಬೇಕ್ರಿ? ತಟ್ಟೈತಿ. ನಿಮ್ಮ ಕೊಟಗ್ಯಾಗಿಂದ ಐತಿ, ಕುಂಡರ್ರಿ.”

ಗೌಡ ಧೋತರ ಎತ್ತಿಕೊಂಡು ತಟ್ಟಿನ ತುದಿಗೆ ಕೂತ. ನಜಮಾ ಹತ್ತು ಮಂದಿಯನ್ನು ಕಣ್ಣಲ್ಲೇ ಎಣಿಸಿ, ಬಾಟ್ಲಿ ಒಡೆದು, ಅವನ ತೋಳಿಗೆ ಸೂಜಿ ಚುಚ್ಚಿದಳು. ಹತ್ತಿ ಒತ್ತಿ ಹಿಡಿದುಕೊಂಡು ಗೌಡ ಏಳಲು ಹೋದ.

“ಅರ್ಧ ತಾಸು ಕುಂಡರಬೇಕ್ರಿ. ಗೊತ್ತೈತೆಲ್ಲ ನಿಮಗ,” ಅಂದಳು ನಜಮಾ. ಹುಚ್ಚವ್ವನ ಕಡೆ ತಿರುಗಿದಳು. “ಬಾರವ್ವ, ಮುಂದಿನಾಕಿ ನೀನು.”

ಹುಚ್ಚವ್ವ ಏಳಲಿಲ್ಲ.

“ಅರ್ಧ ತಾಸು ಆಗ್ಲಿ ತಂಗೀ. ಗೌಡ್ರಿಗೆ ಏನಾಗತೈತಿ ನೋಡಿ ತಗೋತೇವಿ. ಹೊಸ ಮಾಲು.”

ಮಾತು ಇಳಿದದ್ದು ಮೊದಲು ಸಾವಂತ್ರವ್ವನಿಗೆ. ಅವಳು ಕಾಲು ಮಡಚಿ, ತೊಡೆಯ ಮೇಲೆ ಕೈ ಊರಿ, ಗೌಡನ ಕಡೆಗೇ ಮುಖ ಮಾಡಿ ಕೂತಳು. ಉಳಿದವರೂ ಹಾಗೆಯೇ ತಿರುಗಿದರು. ಆರು ಜೋಡಿ ಕಣ್ಣು.

“ನನ್ನ ಮ್ಯಾಲೆ ಪರೀಕ್ಷಾ ಮಾಡ್ತೀರೇನ್ರೇ ಬೋಸುಡೇರಾ!” ಗೌಡ ತಟಕ್ಕನೆ ಎದ್ದು ನಿಂತ.

“ಎದ್ದು ಹೋದ್ರ ನಿಮಗೇನಾತು ಅಂತ ನಮಗ ಹ್ಯಾಂಗ ಗೊತ್ತಾಗಬೇಕ್ರಿ?” ಅಂದಳು ಹುಚ್ಚವ್ವ, ಮಗುವಿಗೆ ತಿಳಿಹೇಳುವ ದನಿಯಲ್ಲಿ. “ಗೊತ್ತಾಗದ ನಾವು ತಗೋಳಂಗಿಲ್ಲ. ನಾವು ತಗೋಳದ ಸಾಲು ಮುಂದ ಹೋಗಂಗಿಲ್ಲ.”

ಗೌಡ ನಜಮಾಳನ್ನು ನೋಡಿದ. “ನರ್ಸಬಾಯಿ! ಇವ್ರನ್ನ ಬಿಡು. ನಮ್ಮ ಮನಿಯವರಿಗೆ ಹಾಕು ಮೊದ್ಲ.”

ನಜಮಾ ಡಬ್ಬಿಯ ಮುಚ್ಚಳ ಒತ್ತಿದಳು. ವಿಡಿಯೋ ಅವಳ ಮೊಬೈಲಿಗೂ ಬಂದಿತ್ತು. “ಈ ಸಾಲು ನೀವ ಒಪ್ಪೀರಿ ಗೌಡ್ರ. ಬಾಟ್ಲಿಗೆ ಇನ್ನೂ ಟೈಮೈತಿ. ನಾನು ಕಾಯ್ತೇನಿ.”

“ಏನ್ ಟೈಮು...”

“ರೀ!” ಜೀಪಿನೊಳಗಿಂದ ರಾಜಶ್ರೀಯ ದನಿ ಚಾವಟಿಯ ಹಾಗೆ ಬಂತು. “ಕುಂಡರ್ರಿ ಸುಮ್ಮನ! ನನಗ ಸೂಜಿ ಬೇಕು!”

ಗೌಡ ಕೂತ.

ಮೇ ತಿಂಗಳ ಬಿಸಿಲು ತಲೆಗೆ ಗೂಟ ಜಡಿದಂತೆ ಬೀಳುತ್ತಿತ್ತು. ಮೊದಲು ಅವನ ಹಣೆ ಬೆವೆತಿತು, ಆಮೇಲೆ ಅಂಗಿಯ ಬೆನ್ನು ಒದ್ದೆಯಾಯಿತು. ಓಣಿಯ ಬಾಗಿಲುಗಳಲ್ಲಿ ಒಬ್ಬೊಬ್ಬರಾಗಿ ಬಂದು ನಿಂತರು. ಒಬ್ಬ ಕಿಸೆಯಿಂದ ಮೊಬೈಲ್ ತೆಗೆದ.

“ಒಳಗಿಡೋ ಅದನ್ನ,” ಅಂದಳು ಹುಚ್ಚವ್ವ. “ನಮಗ ಕಣ್ಣದಾವ.”

ಗೌಡನ ನಾಲಿಗೆ ತುಟಿಯ ಮೇಲೆ ಹೊರಳಿತು. ಸ್ವಲ್ಪ ಹೊತ್ತು ತಡೆದ. ಮತ್ತೆ ಹೊರಳಿತು.

“ನೀರು,” ಅಂದ. “ಜೀಪಿನಾಗ ಬಾಟ್ಲಿ ಐತೇನ ನೋಡಲೇ ಶಂಕ್ರ್ಯಾ.”

“ಖಾಲಿ ಆಗೇತ್ರಿ ಯಪ್ಪಾ. ಅಕ್ಕಾರು ಕುಡದ್ರು,” ಅಂದ ಶಂಕ್ರೆಪ್ಪ. ವಾಡೆಯಿಂದ ತರುತ್ತೇನೆ ಅನ್ನಲಿಲ್ಲ. ನೆಲ ನೋಡುತ್ತ ನಿಂತ.

ನಜಮಾಳ ಕೈ ತನ್ನ ಚೀಲದೊಳಗಿನ ನೀರಿನ ಬಾಟ್ಲಿಯ ಕಡೆ ಹೋಯಿತು. ಅಷ್ಟರಲ್ಲಿ ಹುಚ್ಚವ್ವನ ಮನೆಯ ಬಾಗಿಲು ಕಿರ್ರೆಂದು ತೆರೆಯಿತು. ಸಿದ್ದರಾಯ ಹೊಸ್ತಿಲ ಮೇಲೆ ನಿಂತಿದ್ದ. ಗಡ್ಡ ಬೆಳೆದಿತ್ತು, ಬೆಳಕಿಗೆ ಕಣ್ಣು ಕಿರಿದಾಗಿದ್ದವು. ಕೈಯಲ್ಲಿ ಹಿತ್ತಾಳೆಯ ತಂಬಿಗೆ. ನಜಮಾ ಅವನನ್ನು ನೋಡಿದಳು. ಕೈ ಹಿಂದಕ್ಕೆ ತೆಗೆದುಕೊಂಡಳು.

ಸಿದ್ದರಾಯ ಹೊಸ್ತಿಲ ಮೇಲೇ ಕೂತ. ಇಡೀ ಓಣಿ ನೋಡುತ್ತಿರಲು ತಂಬಿಗೆಯನ್ನು ಎರಡೂ ಕೈಯಿಂದ ಮೇಲೆತ್ತಿ, ತಲೆ ಹಿಂದಕ್ಕೆ ಚೆಲ್ಲಿ, ಎತ್ತರದಿಂದ ಗಟಗಟನೆ ಸುರಿದುಕೊಂಡ. ನೀರು ಗಡ್ಡದಿಂದ ಇಳಿದು ಎದೆ ತೋಯಿಸಿತು. ಕೊನೆಯ ಹನಿಯವರೆಗೆ ಕುಡಿದು, ತಂಬಿಗೆ ಬೋರಲು ಹಾಕಿ ಕೆಳಗಿಟ್ಟ. ಕಲ್ಲಿಗೆ ತಾಗಿ ಠಣ್ಣೆಂದಿತು.

ಹುಚ್ಚವ್ವ ಎದ್ದಳು. ಮರದ ಬುಡದಲ್ಲಿದ್ದ ಆಡಿನ ಸಣ್ಣ ಕಲ್ಲುಡೋಣಿಯನ್ನು ಕಾಲಿನಿಂದ ದೂಡುತ್ತ ತಂದು ಗೋಣಿತಟ್ಟಿನ ಮುಂದೆ ನಿಲ್ಲಿಸಿದಳು. ಅರ್ಧ ಡೋಣಿ ನೀರು. ಮೇಲೆ ಒಂದೆರಡು ಬೇವಿನ ಎಲೆ.

“ತಗೋರಿ,” ಅಂದಳು. “ನಿಮ್ಮ ಹಂತೇಕ ಯಾರೂ ಬರಂಗಿಲ್ಲ. ಮೈಯಾಗ ಏನು ಹೊಕ್ಕೈತೋ ಏನೋ.”

ಗೌಡ ಡೋಣಿಯನ್ನು ನೋಡಿದ, ಜೀಪಿನ ಕಡೆ ನೋಡಿದ. ಜೀಪಿನ ಗಾಜು ಏರಿಸಿತ್ತು.

“ಇನ್ನ ಎಷ್ಟೊತ್ತು?” ಅಂದ. ದನಿ ಒಣಗಿತ್ತು.

“ಇನ್ನೂ ಐತ್ರಿ,” ಅಂದಳು ನಜಮಾ.

ಹುಚ್ಚವ್ವ ಅವನೆದುರು ಬಗ್ಗಿ, ಮೂಗಿನ ಮೇಲಿನ ಆ ಕರಿ ಮಚ್ಚೆಯನ್ನೇ ನೋಡುತ್ತ, ನಿಧಾನ ಕೇಳಿದಳು:

“ಗೌಡ್ರ, ಇನ್ನೂ ಉಸಿರೈತೇನ್ರಿ?”

ಹಗ್ಗ ಬಿಚ್ಚಿಕೊಂಡ ಆಡೊಂದು ಮೆಲ್ಲಗೆ ಬಂದು ಡೋಣಿಗೆ ಬಾಯಿ ಹಚ್ಚಿತು. ಸುರ್ ಸುರ್ ಎಂದು ಕುಡಿಯತೊಡಗಿತು. ಆರು ಹೆಂಗಸರು ಗೌಡನನ್ನು ನೋಡುತ್ತಿದ್ದರು. ಗೌಡ ಡೋಣಿಯಲ್ಲಿ ಇಳಿಯುತ್ತಿದ್ದ ನೀರನ್ನು ನೋಡುತ್ತಿದ್ದ.